ಹೆಗ್ಗೋಡಿನ ಚಿತ್ರಸಮಾಜ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣಕ್ಕೆ ಸಮೀಪದಲ್ಲಿ, ಅಡಕೆ ತೋಟಗಳ ನಡುವೆ ಹೆಗ್ಗೋಡು ಎಂಬ ಹಳ್ಳಿಯಿದೆ. 1949ರಲ್ಲಿ ಅಲ್ಲಿಯ ಉತ್ಸಾಹಿಗಳು ನಾಟಕವಾಡುವ ಹಂಬಲದಿಂದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ನಾಡು ಇದನ್ನು ‘ನೀನಾಸಮ್’ ಎಂಬ ಚುಟುಕು ಹೆಸರಿನಿಂದ ಬಲ್ಲದು. ಸಂಘದ ಜೀವಾಳವಾಗಿದ್ದ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಅದರ ಅಂಗವಾಗಿ ಚಿತ್ರಸಮಾಜವನ್ನು ಆರಂಭಿಸಿದರು.

ಚಿತ್ರಸಮಾಜವೆಂದರೆ ಚಿತ್ರಮಂದಿರವಲ್ಲ. ಅಲ್ಲಿ ಸದಸ್ಯರು ಚಂದಾ ಕೊಟ್ಟು, ಪೇಟೆಯ ಚಿತ್ರಮಂದಿರಗಳಿಗೆ ಬಾರದ ಚಿತ್ರಗಳನ್ನು ತರಿಸಿ ನೋಡುತ್ತಾರೆ. ನೋಡಿದ ಮೇಲೆ ಅವುಗಳನ್ನು ಕುರಿತು ಚರ್ಚಿಸುತ್ತಾರೆ. ಇಂತಹ ಸಮಾಜಗಳ ಒಕ್ಕೂಟವೊಂದು 1959ರಲ್ಲಿಯೇ ನಮ್ಮ ದೇಶದಲ್ಲಿ ಹುಟ್ಟಿತು. ಸತ್ಯಜಿತ್ ರಾಯ್ ಅವರೇ ಅದರ ಅಧ್ಯಕ್ಷರಾದರು. ಆದರೆ ಈ ಸಮಾಜಗಳು ಬಹುಮಟ್ಟಿಗೆ ಮಹಾನಗರಗಳ ವಿದ್ಯಾವಂತರ ಕೂಟಗಳಾಗಿದ್ದುವು. ಬಂಗಾಳಿಯನ್ನಾಗಲಿ ಇಂಗ್ಲಿಷನ್ನಾಗಲಿ ಅರಿಯದ ರೈತರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳು ರುಚಿಸಬಲ್ಲವೆ? ಈ ಸಂದೇಹ ಸಹಜವಾದುದೇ.

ಇದಕ್ಕೆ ಉತ್ತರವನ್ನು ಚಿತ್ರಗಳಲ್ಲಿಯೇ ಹುಡುಕಬೇಕು. ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಬಂಗಾಳದ ಹಳ್ಳಿಯೊಂದರ ಬಡ ಸಂಸಾರದ ಕಥೆ. ನೆರೆಯವರ ಹುಡುಗಿಯ ಸರವನ್ನು ದುರ್ಗಾ ಕದ್ದಳೆಂಬ ಆರೋಪ ಬರುತ್ತದೆ, ಅವಳು ಒಪ್ಪುವುದಿಲ್ಲ. ಮುಂದೆ ಜ್ವರದಿಂದ ಅವಳು ತೀರಿಕೊಳ್ಳುತ್ತಾಳೆ. ಸಂಸಾರವು ಊರು ಬಿಡುವಾಗ ತಮ್ಮ ಅಪುವಿನ ಕೈಗೆ ಆ ಸರ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿರಿದು, ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ಇಲ್ಲಿ ಒಂದು ಮಾತೂ ಇಲ್ಲ. ಅಕ್ಕನ ಮಾನವನ್ನು ಕಾಯ್ದ ಬಾಲಕನ ಮನಸ್ಸನ್ನು ತಿಳಿಯಲು ಯಾವ ಭಾಷೆಯೂ ಬೇಕಿಲ್ಲ. ಮನೆಯಲ್ಲಿ ಅಕ್ಕನಿದ್ದರೆ ಸಾಕು.

ಆದರೂ ನೋಡುವ ಕಣ್ಣಿಗೆ ಪಳಗುವಿಕೆ ಬೇಕು. ಅದಕ್ಕಾಗಿ ಹೆಗ್ಗೋಡಿನಲ್ಲಿ ರಸಗ್ರಹಣ ಶಿಬಿರಗಳು ನಡೆದುವು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದೂರ್ ಅವರು ಬಂದು ಪಾಠ ಹೇಳಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ಈ ಕಾರ್ಯ ನಾಡಿನ ಇತರ ಊರುಗಳಿಗೂ ಹರಡಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಶಿಬಿರವು ಕ್ರಮೇಣ ಸಾಹಿತ್ಯ, ರಂಗಭೂಮಿಗಳನ್ನೂ ಒಳಗೊಂಡು ಸಂಸ್ಕೃತಿ ಶಿಬಿರವಾಯಿತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರುಗಳಲ್ಲಿ ಇಂತಹ ಚಿತ್ರೋತ್ಸವ ನಡೆಸುವುದು ಇಂದು ಅಂದಿನಷ್ಟು ಕಷ್ಟವಲ್ಲ. ಭಾರವಾದ ಸುರುಳಿಗಳನ್ನು ರೈಲಿನಲ್ಲಿ ತರಿಸಬೇಕಿಲ್ಲ. ಬಿಳಿಯ ಗೋಡೆ, ಸಣ್ಣ ಪ್ರೊಜೆಕ್ಟರ್, ಚಿತ್ರದ ಒಡೆಯರ ಅನುಮತಿ ಇದ್ದರೆ ಆದೀತು. ಚಿತ್ರ ಮುಗಿದ ಮೇಲೆ ಏಳದೆ ಕುಳಿತು ಮಾತನಾಡುವವರನ್ನು ಕೂಡಿಸುವುದೇ ತುಸು ಕಷ್ಟದ ಕೆಲಸ. ಮೊದಲ ಚಿತ್ರಕ್ಕಾಗಿ ದೂರ ಹೋಗಬೇಕಾಗಿಲ್ಲ. ಸಿದ್ಧಲಿಂಗಯ್ಯನವರು 1974ರಲ್ಲಿ ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ ಚಿತ್ರಕ್ಕೆ ಆಧಾರವಾದ ಕಥೆಯನ್ನು ಬರೆದವರು ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು.