ಗಂಡು ಪ್ರಾಣಿಗಳ ಸಂತಾನಹರಣ: ಕತ್ತರಿ ಇಲ್ಲದ ವಿಧಾನ ಹಿಂಸೆ ಇಲ್ಲದ ವಿಧಾನವೇ?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೀದಿನಾಯಿ ಮರಿ ಹಾಕಿದರೆ ಎಲ್ಲ ಮರಿಗಳೂ ಬದುಕಿ ಉಳಿಯುವುದು ಕಷ್ಟ. ನಾಯಿಗಳನ್ನು ಕೊಲ್ಲುವುದು ಪರಿಹಾರವಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಹೊಣೆ ಪುರಸಭೆ, ಪಟ್ಟಣ ಪಂಚಾಯತ್, ಗ್ರಾಮ ಪಂಚಾಯತ್‌ಗಳದ್ದು.

ಶಾಸ್ತ್ರದ ದೃಷ್ಟಿ

ತತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಗಳ ಬೀಜ ಒಡೆಯುವುದನ್ನು ಜೀವನೋಪಾಯ ಮಾಡಿಕೊಳ್ಳಬಾರದೆಂದು ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ಅದಕ್ಕೆ ನಿರ್ಲಾಂಛನ ಕರ್ಮ ಎಂದು ಹೆಸರು. ಅಲ್ಲಿ ನಿಷೇಧಿಸಿರುವುದು ಮನುಷ್ಯನ ಲಾಭಕ್ಕಾಗಿ ಪ್ರಾಣಿಗೆ ಕೊಡುವ ನೋವನ್ನು. ಹುಟ್ಟಿ ನರಳುವ ಮರಿಗಳ ಸಂಕಟ ತಪ್ಪಿಸಲು ಮಾಡುವ ಸಂತಾನಹರಣದ ಉದ್ದೇಶ ಬೇರೆ. ಆದರೂ ನೋವಿನ ಪ್ರಶ್ನೆ ಉಳಿದೇ ಇರುತ್ತದೆ.

ಚುಚ್ಚುಮದ್ದು ಮತ್ತು ನ್ಯಾನೊ ಕಣ

ಶಸ್ತ್ರಚಿಕಿತ್ಸೆ ಇಲ್ಲದ ವಿಧಾನಗಳಲ್ಲಿ ಔಷಧವನ್ನು ನೇರವಾಗಿ ವೃಷಣಕ್ಕೆ ಚುಚ್ಚಲಾಗುತ್ತದೆ. ಗಂಡು ನಾಯಿಮರಿಗಳಿಗಾಗಿ ಸತುವಿನ ಸಂಯುಕ್ತದ ಚುಚ್ಚುಮದ್ದಿಗೆ ಅಮೆರಿಕ 2003ರಲ್ಲಿ ಅನುಮತಿ ನೀಡಿತು. ಬೀದಿನಾಯಿಗಳ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದ ಅಧ್ಯಯನವನ್ನು ಪಶ್ಚಿಮ ಬಂಗಾಳದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಇಂಥ ಔಷಧ ವೀರ್ಯಾಣು ತಯಾರಿಸುವ ಅಂಗಾಂಶವನ್ನು ನಾಶಮಾಡುತ್ತದೆ. ಅದು ಹೊರಗೆ ಸೋರಿದರೆ ಹುಣ್ಣಾಗಬಹುದು.

ನ್ಯಾನೊ ವಿಧಾನ ಇನ್ನೂ ಹೊಸದು. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯ ಒಂದು ಭಾಗ. ಎಲೆ, ಬೇರುಗಳ ಸಾರದಿಂದ ಲೋಹದ ಲವಣವನ್ನು ಇಂಥ ಸೂಕ್ಷ್ಮ ಕಣಗಳಾಗಿ ಮಾರ್ಪಡಿಸಬಹುದು. 2013ರಲ್ಲಿ ಚೀನಾದ ಸಂಶೋಧಕರು ಗಂಡು ಇಲಿಗಳಿಗೆ ಚಿನ್ನದ ನ್ಯಾನೊ ಕಣಗಳನ್ನು ಚುಚ್ಚಿ, ಅವಗೆಂಪು ಬೆಳಕಿನಿಂದ ಬಿಸಿ ಮಾಡಿದರು. ಕಡಿಮೆ ಶಾಖ ಕೊಟ್ಟಾಗ ಫಲವತ್ತತೆ ಮರಳಿತು, ಹೆಚ್ಚಿನ ಶಾಖದಲ್ಲಿ ಶಾಶ್ವತವಾಗಿ ಹೋಯಿತು. ಸಸ್ಯಮೂಲದ ಕಣಗಳ ಬಳಕೆ ಇಂದಿಗೂ ಸಂಶೋಧನೆಯ ವಿಷಯ. ಪಶುವೈದ್ಯರ ದೈನಂದಿನ ಕೆಲಸದಲ್ಲಿ ನೆಲೆಯೂರಿರುವುದು ಶಸ್ತ್ರಚಿಕಿತ್ಸೆಯೇ.

ಗಮನಿಸಬೇಕಾದ ಅಂಶಗಳು

'ಸಸ್ಯಮೂಲ' ಎಂದಮಾತ್ರಕ್ಕೆ ನಿರಪಾಯಕಾರಿ ಅಲ್ಲ. ಕಣದೊಳಗಿರುವುದು ಲೋಹವೂ ಆಗಿರಬಹುದು. ಗಂಡು ನಾಯಿಗಳಿಗೆ ಮಾತ್ರ ಸಂತಾನಹರಣ ಮಾಡಿದರೆ ಸಂಖ್ಯೆ ಇಳಿಯುವುದಿಲ್ಲ, ಏಕೆಂದರೆ ಉಳಿದ ಒಂದೇ ಗಂಡು ಹಲವು ಹೆಣ್ಣುಗಳಿಗೆ ಮರಿ ಕೊಡಬಲ್ಲದು. ಹೆಣ್ಣು ನಾಯಿಗಳ ಶಸ್ತ್ರಚಿಕಿತ್ಸೆಯೂ ಜೊತೆಗೇ ನಡೆಯಬೇಕು.

ಜೀವದಯೆಯ ಶಿಬಿರಗಳಿಗೆ ದಾನ ನೀಡುವ ಕುಟುಂಬಗಳು ಮೊದಲು ಕೆಲವು ಪ್ರಶ್ನೆ ಕೇಳಬೇಕು. ಅರ್ಹ ಪಶುವೈದ್ಯರಿದ್ದಾರೆಯೇ? ಅರಿವಳಿಕೆ ಮತ್ತು ನೋವು ನಿವಾರಕ ಕೊಡುತ್ತಾರೆಯೇ? ಔಷಧಕ್ಕೆ ಅನುಮೋದನೆ ಇದೆಯೇ? ಗಾಯ ಮಾಯುವವರೆಗೆ ಆಹಾರ, ನೀರು, ಆರೈಕೆಗೆ ವ್ಯವಸ್ಥೆ ಇದೆಯೇ? ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ, ಕತ್ತರಿ ಬಳಸದ ವಿಧಾನವನ್ನೂ ಅಹಿಂಸೆ ಎನ್ನಲಾಗದು.