ಸತ್ತ ಶಾರ್ಕ್‌ಗೆ ಐವತ್ತು ಸಾವಿರ ಪೌಂಡ್!

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಫಾರ್ಮಾಲಿನ್ ತುಂಬಿದ ಜಾಡಿಯೊಳಗಿನ ಕಪ್ಪೆ, ಹಾವುಗಳನ್ನು ನೋಡದವರು ಕಡಿಮೆ. ಅದನ್ನು ಯಾರೂ ಕಲೆ ಎನ್ನುವುದಿಲ್ಲ. ಆದರೆ 1992ರಲ್ಲಿ ಲಂಡನ್ನಿನ ಸಾಚಿ ಗ್ಯಾಲರಿಯಲ್ಲಿ, ಅಂಥದೇ ದ್ರಾವಣದ ದೊಡ್ಡ ಗಾಜಿನ ತೊಟ್ಟಿಯೊಳಗೆ ಬಾಯಿ ತೆರೆದು ನಿಂತ ಸುಮಾರು 14 ಅಡಿ ಉದ್ದದ ಶಾರ್ಕ್ ಕಲಾಕೃತಿ ಎನಿಸಿಕೊಂಡಿತು. ‘ಬದುಕಿರುವವನ ಮನಸ್ಸಿನಲ್ಲಿ ಸಾವಿನ ಭೌತಿಕ ಅಸಾಧ್ಯತೆ’ ಎಂಬುದು ಅದರ ಹೆಸರು. ಕರ್ತೃ, 26 ವರ್ಷದ ಡೇಮಿಯನ್ ಹರ್ಸ್ಟ್.

ಸಾವು ಖಚಿತವೆಂದು ಎಲ್ಲರಿಗೂ ಗೊತ್ತು. ಆದರೆ ಯಾರ ಮನಸ್ಸಿಗೂ ಅದು ಇಳಿಯುವುದಿಲ್ಲ. ಮನುಷ್ಯನನ್ನು ನುಂಗಬಲ್ಲ ಮೀನನ್ನು ಎದುರಿಗೇ ನಿಲ್ಲಿಸಿದರೆ? ಚಿತ್ರ ಬರೆದರೆ ಸಾಲದೆಂದು ಹರ್ಸ್ಟ್ ನಿಜವಾದ ಶಾರ್ಕನ್ನೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಿಂದ ತರಿಸಿದ. ಈ ಕಲ್ಪನೆ ಗಟ್ಟಿಯಾದದ್ದೇ. ಆದರೆ ಇದಕ್ಕೆ ತಗುಲಿದ 50 ಸಾವಿರ ಪೌಂಡ್ ಹರ್ಸ್ಟ್‌ನ ಜೇಬಿನಲ್ಲಿರಲಿಲ್ಲ. ಅದನ್ನು ಕೊಟ್ಟವನು ಚಾರ್ಲ್ಸ್ ಸಾಚಿ.

ಬಾಗ್ದಾದ್‌ನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಸಾಚಿ, 1970ರಲ್ಲಿ ತಮ್ಮ ಮಾರಿಸ್ ಜತೆ ಜಾಹೀರಾತು ಸಂಸ್ಥೆ ತೆರೆದವನು. 1979ರ ಚುನಾವಣೆಯಲ್ಲಿ ಥ್ಯಾಚರ್ ಪಕ್ಷದ ಪ್ರಚಾರ ಹೊತ್ತದ್ದು ಇದೇ ಸಂಸ್ಥೆ. 1985ರಲ್ಲಿ ಆತ ಸ್ವಂತ ಗ್ಯಾಲರಿ ತೆರೆದ. 1990ರಲ್ಲಿ ಹರ್ಸ್ಟ್ ಗಾಜಿನ ಪೆಟ್ಟಿಗೆಯಲ್ಲಿ ಹಸುವಿನ ತಲೆ, ಅದರ ಮೇಲೆ ನೊಣಗಳು, ನೊಣಗಳನ್ನು ಕೊಲ್ಲುವ ವಿದ್ಯುತ್ ಯಂತ್ರ ಇಟ್ಟಾಗ ಕೊಂಡವನೂ ಈತನೇ!

ಇದನ್ನು ಹಳೆಯ ರಾಜಾಶ್ರಯಕ್ಕೆ ಹೋಲಿಸುವವರಿದ್ದಾರೆ. ಹೋಲಿಕೆ ಅರ್ಧ ಮಾತ್ರ ಸರಿ. ರಾಜ ಬರೆಸಿದ ಚಿತ್ರ ಅರಮನೆಯಲ್ಲೇ ಉಳಿಯುತ್ತಿತ್ತು. ಸಾಚಿ ಕೊಂಡದ್ದು ಮತ್ತೆ ಪೇಟೆಗೆ ಬರುತ್ತಿತ್ತು. ಹೆಸರಿಲ್ಲದವರ ಕೃತಿಗಳನ್ನು ಅಗ್ಗಕ್ಕೆ ಕೊಳ್ಳುವುದು, ತನ್ನದೇ ಗ್ಯಾಲರಿಯಲ್ಲಿ ಪ್ರದರ್ಶಿಸುವುದು, ಗದ್ದಲವೆದ್ದು ಬೆಲೆ ಏರಿದ ಮೇಲೆ ಮಾರುವುದು. 1980ರ ದಶಕದಲ್ಲಿ ಆತ ಇಟಲಿಯ ಸಾಂಡ್ರೊ ಕಿಯಾನ ಚಿತ್ರಗಳನ್ನು ಮಾರಿದ್ದರಿಂದ ಆ ಕಲಾವಿದನ ಮಾರುಕಟ್ಟೆಯೇ ಕುಸಿಯಿತೆಂಬ ಆರೋಪವಿದೆ. ಸಾಚಿ ಇದನ್ನು ಒಪ್ಪಿಲ್ಲ, ಅದು ಬೇರೆ ಮಾತು. ಎತ್ತಿದ ಕೈಯೇ ಇಳಿಸಲೂ ಬಲ್ಲದೆಂಬ ಭಯ ಮಾತ್ರ ಕಲಾವಿದರಲ್ಲಿ ಉಳಿಯಿತು.

ಇತ್ತ ಶಾರ್ಕ್ ಕೊಳೆಯತೊಡಗಿತು. ದ್ರಾವಣ ಮಬ್ಬಾಯಿತು. 1993ರಲ್ಲಿ ಗ್ಯಾಲರಿಯವರು ಚರ್ಮ ಸುಲಿದು ಫೈಬರ್‌ಗ್ಲಾಸ್ ಅಚ್ಚಿನ ಮೇಲೆ ಹೊದಿಸಿದರು. ಮೀನಿಗೆ ತೂಕವೇ ಇಲ್ಲದಂತಾಯಿತೆಂದು ಹರ್ಸ್ಟ್ ಗೊಣಗಿದ. ಆದರೆ ಮೀನು ಆತನದಾಗಿರಲಿಲ್ಲವಲ್ಲ!

ಇಬ್ಬರ ನಂಟು 2003ರಲ್ಲಿ ಹಳಸಿತು. ಸಾಚಿಯ ಹೊಸ ಗ್ಯಾಲರಿ ತನ್ನ ಕೃತಿಗಳನ್ನು ಜೋಡಿಸಿದ ರೀತಿ ಹರ್ಸ್ಟ್‌ಗೆ ಹಿಡಿಸಲಿಲ್ಲ. ಅದೇ ವರ್ಷ ಆತ ತನ್ನ ಹಲವು ಹಳೆಯ ಕೃತಿಗಳನ್ನು ಸಾಚಿಯಿಂದ ಮರಳಿ ಕೊಂಡ, ಅಂದಿನ ಏರಿದ ಬೆಲೆಗೆ. ಶಾರ್ಕ್ ಅಮೆರಿಕದ ಶ್ರೀಮಂತ ಸ್ಟೀವನ್ ಕೊಹೆನ್ ಪಾಲಾಯಿತು. 2006ರಲ್ಲಿ ತೊಟ್ಟಿಗೆ ಹೊಸ ಶಾರ್ಕನ್ನೇ ಇಳಿಸಲಾಯಿತು.

2008ರ ಸೆಪ್ಟೆಂಬರ್ 15ರಂದು ಹರ್ಸ್ಟ್, ಗ್ಯಾಲರಿಗಳನ್ನೂ ಬದಿಗಿಟ್ಟು, ಹೊಸ ಕೃತಿಗಳನ್ನು ನೇರವಾಗಿ ಸದಬೀಸ್ ಹರಾಜಿಗಿಟ್ಟ. ಎರಡು ದಿನದಲ್ಲಿ ಸುಮಾರು 11 ಕೋಟಿ ಪೌಂಡ್ ಬಂತು. ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ ಅರ್ಜಿ ಹಾಕಿದ್ದೂ ಅದೇ 15ರಂದು.