ಸೀರಿಯಲ್ ಪೋರ್ಟ್: ಬಿಡುವ ಮೊದಲು ಲಾಗೌಟ್

ಬೆಳಗಾವಿಯಿಂದ ನಮ್ಮ ಪೀರನವಾಡಿ ಹಾದು ಖಾನಾಪುರಕ್ಕೆ ಸುಮಾರು 25 ಕಿ.ಮೀ. ದಾರಿ. ಅಲ್ಲಿನ ಒಂದು ಬ್ಯಾಂಕ್ ಶಾಖೆಯಲ್ಲಿ ರೌಟರ್ ಕೆಟ್ಟಿತು ಎಂದುಕೊಳ್ಳಿ. ನೆಟ್‌ವರ್ಕ್ ಇಲ್ಲ, ಕೌಂಟರ್ ಮುಂದೆ ಸಾಲು, ಹೊರಗೆ ಜೋರು ಮಳೆ, ಎಂಜಿನಿಯರ್ ಇರುವುದು ಬೆಳಗಾವಿಯಲ್ಲಿ. ಅವರು ಬಸ್ಸು ಹತ್ತದೆ ಕುಳಿತಲ್ಲಿಂದಲೇ ರೌಟರ್ ಸರಿಪಡಿಸಲು ಇರುವ ಸಾಧನವೇ ನೆಟ್‌ವರ್ಕ್ ಕನ್ಸೋಲ್ ಸ್ವಿಚ್.

ರೌಟರ್, ಸರ್ವರ್‌ಗಳಲ್ಲಿ ಕನ್ಸೋಲ್ ಎಂಬ ಸೀರಿಯಲ್ ಪೋರ್ಟ್ ಇರುತ್ತದೆ. ಅದು 1960ರಲ್ಲಿ ಬಂದ ಆರ್‌ಎಸ್-232 ಪದ್ಧತಿಯದು. ಕಳಿಸಲು ಒಂದು ತಂತಿ, ಪಡೆಯಲು ಒಂದು, ಗ್ರೌಂಡ್ ಒಂದು, ಇಷ್ಟಿದ್ದರೆ ಸಾಕು. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 9600 ಬಿಟ್. ನಮ್ಮ ಮೊಬೈಲ್ ಮುಂದೆ ಇದು ಎತ್ತಿನಗಾಡಿ, ಆದರೆ ನೆಟ್‌ವರ್ಕ್ ಸತ್ತಾಗಲೂ ನಡೆಯುತ್ತದೆ. ಇಂಥ ಹಲವು ಪೋರ್ಟ್‌ಗಳ ಕೇಬಲ್ ಕನ್ಸೋಲ್ ಸ್ವಿಚ್ಚಿಗೆ ಬಂದು ಸೇರುತ್ತವೆ. ಎಂಜಿನಿಯರ್ ಮೋಡೆಮ್ ಅಥವಾ ಬೇರೊಂದು ಲೈನ್ ಮೂಲಕ ಸ್ವಿಚ್ಚಿಗೆ ಬಂದು, ಬೇಕಾದ ಪೋರ್ಟ್ ಆರಿಸಿಕೊಳ್ಳುತ್ತಾರೆ.

ಜೋಡಿಸುವುದು ಸುಲಭ. ಎಚ್ಚರ ಬೇಕಾದದ್ದು ಬಿಡುವಾಗ.

ಡಿಸ್ಕನೆಕ್ಟ್ ಮಾಡಿದರೆ ಮುಗಿಯುವುದು ನಮಗೂ ಸ್ವಿಚ್ಚಿಗೂ ಇದ್ದ ಸಂಪರ್ಕ ಮಾತ್ರ. ಆ ತುದಿಯ ರೌಟರಿಗೆ ನಾವು ಎದ್ದು ಹೋದದ್ದು ಗೊತ್ತಾಗದೇ ಇರಬಹುದು. ಕೇಬಲ್‌ನಲ್ಲಿ ಡಿಟಿಆರ್ ಎಂಬ ಇನ್ನೊಂದು ತಂತಿಯಿದ್ದು, ಎರಡೂ ಕಡೆ ಅದನ್ನು ಗಮನಿಸುವಂತೆ ಹೊಂದಿಸಿದ್ದರೆ ಮಾತ್ರ ಲಾಗೌಟ್ ತಾನಾಗಿ ಆಗುತ್ತದೆ. ಮೂರೇ ತಂತಿಯಿದ್ದರೆ ಲಾಗಿನ್ ಹಾಗೆಯೇ ತೆರೆದಿರುತ್ತದೆ. ಕ್ಯಾಶಿಯರ್ ಗಲ್ಲಾಕ್ಕೆ ಬೀಗ ಹಾಕದೆ ಚಹಾ ಕುಡಿಯಲು ಹೋದಂತೆ! ಆಮೇಲೆ ಅದೇ ಪೋರ್ಟಿಗೆ ಬಂದವರಿಗೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ಅವರು ಏನು ಬದಲಿಸಿದರೂ ರೌಟರಿನ ದಾಖಲೆಯಲ್ಲಿ ಮೊದಲಿನವರ ಹೆಸರೇ ಬೀಳುತ್ತದೆ. ಆಡಿಟ್ ಓದುವ ನಮ್ಮ ವಾಣಿಜ್ಯ ವಿಭಾಗದವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೊದಲು ರೌಟರಿನಲ್ಲೇ ಲಾಗೌಟ್ ಆಗಬೇಕು, ಪರದೆಯ ಮೇಲೆ ಮತ್ತೆ ಲಾಗಿನ್ ಕೇಳುವುದನ್ನು ಕಣ್ಣಾರೆ ನೋಡಬೇಕು. ಅನಂತರ ಸ್ವಿಚ್ಚಿನ ಸಂಪರ್ಕ ಬಿಡಬೇಕು. ಸಿಸ್ಕೊ ರೌಟರಿನ ಕನ್ಸೋಲ್‌ನಲ್ಲಿ 10 ನಿಮಿಷ ಏನೂ ಒತ್ತದಿದ್ದರೆ ತಾನೇ ಹೊರಹಾಕುವ ವ್ಯವಸ್ಥೆ ಮೊದಲಿನಿಂದಲೇ ಇರುತ್ತದೆ. ಪದೇ ಪದೇ ಪಾಸ್‌ವರ್ಡ್ ಕೊಡಲು ಬೇಸರವಾಗಿ ಅದನ್ನು ಸೊನ್ನೆ ಮಾಡಿ ಬಂದ್ ಮಾಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಕೆಲವೊಮ್ಮೆ ನಡುವೆ ಕರೆಂಟ್ ಹೋಗಿ ಹಳೆಯ ಸಂಪರ್ಕ ಪೋರ್ಟನ್ನು ಹಿಡಿದುಕೊಂಡೇ ಇರುತ್ತದೆ, ಬೇರೆಯವರಿಗೆ ಪೋರ್ಟ್ ಸಿಗುವುದಿಲ್ಲ. ಆಗ ಸ್ವಿಚ್ಚಿನ ಅಡ್ಮಿನ್ ಆ ಒಂದು ಪೋರ್ಟನ್ನು ಮಾತ್ರ ಬಿಡಿಸಬಹುದು. ಸಿಸ್ಕೊ ಉಪಕರಣವನ್ನೇ ಹೀಗೆ ಬಳಸುತ್ತಿದ್ದರೆ ‘ಕ್ಲಿಯರ್ ಲೈನ್’ ಎಂದು ಬರೆದು ಲೈನ್ ನಂಬರ್ ಕೊಟ್ಟರಾಯಿತು. ನಂಬರ್ ತಪ್ಪಿದರೆ ಕೆಲಸ ಮಾಡುತ್ತಿರುವ ಬೇರೊಬ್ಬರ ಸಂಪರ್ಕ ಕಡಿದುಹೋಗುತ್ತದೆ.

ಇಡೀ ಸ್ವಿಚ್ಚನ್ನೇ ಆಫ್ ಮಾಡುವುದು, ಕೇಬಲ್ ಕಿತ್ತುಹಾಕುವುದು ಕೊನೆಯ ಉಪಾಯ. ಸನ್ ಕಂಪನಿಯ ಹಳೆಯ ಸ್ಪಾರ್ಕ್ ಸರ್ವರ್‌ಗಳಲ್ಲಿ ಹೀಗೆ ಮಾಡಿದಾಗ ತಂತಿಯಲ್ಲಿ ‘ಬ್ರೇಕ್’ ಸಂಕೇತ ಹೋಗಿ, ನಡೆಯುತ್ತಿದ್ದ ಸರ್ವರ್ ಗಕ್ಕನೆ ನಿಂತು, ಪರದೆಯಲ್ಲಿ ಬರೀ ‘ಓಕೆ’ ಎಂದು ತೋರಿಸುತ್ತಿತ್ತು. ‘ಗೋ’ ಎಂದು ಟೈಪ್ ಮಾಡಿದರೆ ಅದು ಮತ್ತೆ ಮುಂದುವರಿಯುತ್ತಿತ್ತು, ಟೈಪ್ ಮಾಡಲು ಯಾರಾದರೂ ಅಲ್ಲಿದ್ದರೆ.